ಸಹಚರಿ

1880ರ ಜುಲೈನಲ್ಲಿ, ಪುಣೆ ಮುನ್ಸಿಪಾಲಿಟಿಯ ಸದಸ್ಯರಾಗಿದ್ದ ಜ್ಯೋತಿಬಾ ಫುಲೆ ಅಲ್ಲಿನ ಹಿರಿಯ ಅಧಿಕಾರಿ ಪ್ಲಂಕೆಟ್‌ಗೆ ಪತ್ರ ಬರೆದರು. ಊರಲ್ಲಿ ಹೆಂಡದಂಗಡಿಗಳು ಹೆಚ್ಚಿ ಸಂಸಾರಗಳು ಹಾಳಾಗುತ್ತಿವೆ ಎಂಬುದು ಅವರ ದೂರು. ಹಾಳಾಗುವುದು ಎಂದರೆ ದುಡ್ಡು ಹೋಗುವುದು, ಮೈ ಕೆಡುವುದು ಎಂದಷ್ಟೇ ಜನ ಬಹುಕಾಲ ತಿಳಿದರು. ಹೆಂಡತಿಯ ಮನಸ್ಸು ಆ ಲೆಕ್ಕಕ್ಕೆ ಬಂದದ್ದು ತೀರಾ ತಡವಾಗಿ.

ಅದೇ ಊರಲ್ಲಿ 1986ರ ಆಗಸ್ಟ್ 29ರಂದು ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರ ಶುರುವಾಯಿತು. ಬ್ರೌನ್ ಶುಗರ್ ಬಗ್ಗೆ ಅನಿಲ್ ಅವಚಟ್ ಬರೆದ ಲೇಖನಗಳನ್ನು ಓದಿ ಪು. ಲ. ದೇಶಪಾಂಡೆ ದಂಪತಿ ಹಣ ಕೊಟ್ಟರು. ಅನಿಲರ ಪತ್ನಿ ಡಾ. ಅನಿತಾ ಯರವಡಾ ಮನೋರೋಗ ಆಸ್ಪತ್ರೆಯ ವೈದ್ಯೆಯಾಗಿದ್ದರು. ಕೇಂದ್ರದ ಹೊಣೆ ಅವರದಾಗಿತ್ತು. ಬ್ರೌನ್ ಶುಗರ್‌ಗೆಂದು ತೆರೆದ ಬಾಗಿಲಿಗೆ ಕುಡಿತದವರೂ ಬಂದರು, ಅವರ ಹಿಂದೆ ಹೆಂಡತಿಯರು ಬಂದರು. ಆ ಹೆಂಗಸರಿಗಾಗಿಯೇ ಅಲ್ಲೊಂದು ಗುಂಪು ಇದೆ, ಹೆಸರು ‘ಸಹಚರಿ’. ಮರಾಠಿಯಲ್ಲಿ ಬಾಳಸಂಗಾತಿ ಎಂಬ ಮಿದುವಾದ ಅರ್ಥ. ಕನ್ನಡ ಪತ್ರಿಕೆ ಓದುವವರಿಗೆ ಮಾತ್ರ ‘ಸಹಚರ’ ಎಂದರೆ ರೌಡಿಯ ಜೊತೆಗಾರ. ಕುಡುಕನ ಹೆಂಡತಿಗೆ ಈ ಎರಡನೆಯ ಪಾಲೂ ತಪ್ಪುವುದಿಲ್ಲ. ಬೆಳಗಿನ ಪಾಳಿಗೆ ಏಳಲಾಗದವನ ಪರವಾಗಿ “ಜ್ವರ ಬಂದಿದೆ” ಎಂದು ಹೇಳಿಕಳಿಸುವವಳು ಅವಳೇ. ಕೆಲಸ ಹೋದರೆ ಬೈಗುಳ ಇನ್ನೂ ಜಾಸ್ತಿಯಾಗುತ್ತದೆಂದು ಅವಳಿಗೆ ಗೊತ್ತು. ಅವಳ ಸುಳ್ಳಿನಿಂದ ನೌಕರಿ ಉಳಿಯುತ್ತದೆ, ನೌಕರಿಯಿಂದ ಕುಡಿತ ಉಳಿಯುತ್ತದೆ.

“ಪಾಪ, ಕೆಲಸದ ಒತ್ತಡ” ಎನ್ನುತ್ತಾರೆ ಅತ್ತೆ, ನೆರೆಯವರು. ಒತ್ತಡ ಸುಳ್ಳಲ್ಲ. ಆದರೆ ಸೂಪರ್‌ವೈಸರ್ ಬೈದಾಗ ಬಾಯಿ ಕಟ್ಟಿಕೊಳ್ಳುವವನು ಮನೆಯಲ್ಲಿ ಹೆಂಡತಿಯ ತವರು, ಬಣ್ಣ, ನಡತೆ ಎಲ್ಲವನ್ನೂ ಎತ್ತಾಡುತ್ತಾನೆ. ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಅವನು ಮರೆತಿಲ್ಲ. ಬೆಳಗಾದರೆ ರಾತ್ರಿಯ ಮಾತು ಅವನಿಗೆ ನೆನಪಿರುವುದಿಲ್ಲ, ಅವಳಿಗೆ ಇರುತ್ತದೆ. ಕುಡಿತ ಬಿಟ್ಟ ಮೇಲೂ ಅನುಮಾನ, ಹೀಯಾಳಿಕೆ ತಾವಾಗಿ ಹೋಗುವುದಿಲ್ಲ, ಏಕೆಂದರೆ ಅವು ಬಾಟಲಿಯಿಂದಷ್ಟೇ ಬಂದವಲ್ಲ.

ಕಾನೂನು ನಿಧಾನವಾಗಿ ಹಿಂದೆ ಬಂತು. 1983ರಲ್ಲಿ ಸೇರಿದ 498ಎ ಕಲಮು ಹೆಂಡತಿಯ ಮಾನಸಿಕ ಆರೋಗ್ಯಕ್ಕೆ ಗಂಡಾಂತರ ತರುವ ನಡತೆಯನ್ನೂ ಕ್ರೌರ್ಯ ಎಂದಿತು. 2005ರ ಕೌಟುಂಬಿಕ ಹಿಂಸೆ ಕಾಯ್ದೆ, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂದು, ಅವಮಾನ, ಗೇಲಿ, ಹೆಸರಿಟ್ಟು ಜರೆಯುವುದನ್ನೂ ಹಿಂಸೆ ಎಂದು ಬರೆಯಿತು. ಅದರ ವ್ಯಾಖ್ಯೆಯಲ್ಲಿ ಹೆಂಡದ ಮಾತಿಲ್ಲ. ಗಂಡ ಕುಡಿದಿದ್ದನೋ ಇಲ್ಲವೋ ಎಂದು ಅದು ಕೇಳುವುದಿಲ್ಲ. ಬೇಕಾದರೆ ಇಬ್ಬರನ್ನೂ, ಇಲ್ಲವೇ ಒಬ್ಬರನ್ನು, ಸಮಾಲೋಚನೆಗೆ ಕಳಿಸುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ದೂರು ದಾಖಲಿಸುವ ನಮೂನೆಯಲ್ಲಿ ಮನೆಖರ್ಚಿಗೆ ದುಡ್ಡು ಕೊಡದಿರುವುದಕ್ಕೆ ಒಂದು ಸಾಲಿದೆ. ಅವಳು ತನ್ನ ಕೆಲಸಕ್ಕೆ ಹೋಗದಂತೆ ತಡೆಯುವುದಕ್ಕೆ ಇನ್ನೊಂದು.