ಹಂದಿಗಳ ಬ್ಯಾಕ್ಟೀರಿಯಾಜನ್ಯ ಶ್ವಾಸರೋಗ: ಮಾದರಿ ತೆಗೆದ ಜಾಗ ಮತ್ತು ಫಲಿತಾಂಶದ ಅರ್ಥ

ಕೆಮ್ಮುವ ಹಂದಿಯ ಮೂಗಿನ ಸ್ವಾಬ್‌ನಲ್ಲಿ ಗ್ಲೇಸರೆಲ್ಲ ಪ್ಯಾರಾಸುಯಿಸ್ ಸಿಕ್ಕಿದೆ ಎಂದು ಪ್ರಯೋಗಾಲಯ ವರದಿ ಕೊಟ್ಟರೆ, ಅದರಿಂದ ಪಶುವೈದ್ಯರಿಗೆ ತಿಳಿಯುವುದು ಬಹಳ ಕಡಿಮೆ. ಈ ಬ್ಯಾಕ್ಟೀರಿಯಾ ಆರೋಗ್ಯವಂತ ಹಂದಿಯ ಮೂಗಿನಲ್ಲೂ ನೆಲೆಸಿರುತ್ತದೆ. ಮರಿಗಳಿಗೆ ಎಳವೆಯಲ್ಲೇ ತಾಯಿಯಿಂದ ಅಂಟಿಕೊಳ್ಳುತ್ತದೆ. ಅದೇ ಜೀವಿ ಹೃದಯದ ಹೊರಪೊರೆಯ ದ್ರವದಲ್ಲೋ ಕೀಲಿನಲ್ಲೋ ಮಿದುಳಿನ ಪೊರೆಯಲ್ಲೋ ಸಿಕ್ಕಿದರೆ, ಜೊತೆಗೆ ಅಲ್ಲಿ ನಾರಿನಂಥ ಸ್ರಾವವೂ ಕಂಡರೆ, ಗ್ಲೇಸರ್ ಕಾಯಿಲೆ ಎನ್ನಲು ಹಿಂಜರಿಯಬೇಕಿಲ್ಲ. ಎರಡು ಕಡೆಯೂ ಮಾಡಿದ್ದು, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಎಂಬ ಒಂದೇ ಪರೀಕ್ಷೆ. ಯಾವ ಪರೀಕ್ಷೆ ಹೆಚ್ಚು ಸೂಕ್ಷ್ಮ ಎಂಬ ಚರ್ಚೆ ಬೇಕಾದಷ್ಟು ನಡೆದಿದೆ. ಆದರೆ ಯಾವ ಹಂದಿ, ಯಾವ ಅಂಗ, ರೋಗದ ಯಾವ ಹಂತ ಎಂಬುದನ್ನು ಮೊದಲು ಗೊತ್ತುಮಾಡದಿದ್ದರೆ ಆ ಸೂಕ್ಷ್ಮತೆಯಿಂದ ಹೆಚ್ಚಿನ ಪ್ರಯೋಜನವಿಲ್ಲ ಎಂಬುದು ಈ ಲೇಖನದ ವಾದ.

ಮೈಕೋಪ್ಲಾಸ್ಮಾ ಹಯೋನ್ಯುಮೋನಿಯೇ ಇದಕ್ಕೆ ಒಳ್ಳೆಯ ಉದಾಹರಣೆ. 1965ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸಂಶೋಧಕರು ಪ್ರತ್ಯೇಕವಾಗಿ ಇದನ್ನು ಬೆಳೆಸಿ ತೋರಿಸುವವರೆಗೂ ಇದು ಹಂದಿಗಳಲ್ಲಿ ತರುವ ದೀರ್ಘಕಾಲದ ನ್ಯುಮೋನಿಯಾಕ್ಕೆ ವೈರಸ್ಸೇ ಕಾರಣ ಎಂಬ ನಂಬಿಕೆ ಇತ್ತು. ಕಲ್ಚರ್‌ನಲ್ಲಿ ಬೆಳೆಯಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ಮೈಕೋಪ್ಲಾಸ್ಮಾ ಹಯೋರೈನಿಸ್ ಮುನ್ನುಗ್ಗಿ ಇಡೀ ಮಾಧ್ಯಮವನ್ನು ಆಕ್ರಮಿಸುವುದೂ ಉಂಟು. ಹಾಗಾಗಿ ಇಂದು ಪಿಸಿಆರ್ ಅನಿವಾರ್ಯ. ಆದರೆ ಈ ಜೀವಿ ಅಂಟಿಕೊಳ್ಳುವುದು ಶ್ವಾಸನಾಳ ಮತ್ತು ಅದರ ಕವಲುಗಳ ಸೂಕ್ಷ್ಮ ರೋಮಗಳಿಗೆ. ಮೂಗಿನ ಸ್ವಾಬ್‌ಗೆ ಅದು ಸಿಗದೆ ತಪ್ಪಿಹೋಗುವ ಸಂಭವ ಹೆಚ್ಚು. ಜೀವಂತ ಹಂದಿಯಲ್ಲಿ ಗಂಟಲಿನ ಆಳದಿಂದ, ಇಲ್ಲವೇ ತೆಳು ಕೊಳವೆ ಇಳಿಸಿ ಶ್ವಾಸನಾಳದಿಂದಲೇ ಮಾದರಿ ತೆಗೆಯಬೇಕು. ದೊಡ್ಡಿಯಲ್ಲಿ ಹತ್ತಿಯ ಹಗ್ಗ ತೂಗುಬಿಟ್ಟು, ಹಂದಿಗಳು ಅಗಿದ ಮೇಲೆ ಜೊಲ್ಲು ಹಿಂಡಿಕೊಳ್ಳುವ ವಿಧಾನ ಪಿಆರ್‌ಆರ್‌ಎಸ್ (ಹಂದಿಗಳ ಸಂತಾನೋತ್ಪತ್ತಿ ಮತ್ತು ಶ್ವಾಸರೋಗ) ವೈರಸ್ಸಿಗೆ ಚೆನ್ನಾಗಿ ಒಗ್ಗಿದೆ. ಅಗ್ಗ, ಸುಲಭ, ಹಂದಿಗೂ ಹಿಂಸೆಯಿಲ್ಲ. ಅದೇ ಹಗ್ಗದ ಮೇಲೆ ಮೈಕೋಪ್ಲಾಸ್ಮಾ ಪತ್ತೆಯ ಭಾರವನ್ನೂ ಹೊರಿಸುವುದು ಸರಿಯಲ್ಲ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಗೆ ಬೇರೆ ತೊಡಕುಗಳಿವೆ: ಸೋಂಕು ತಗುಲಿ ಹಲವು ವಾರ ಕಳೆದರೂ ಪ್ರತಿಕಾಯ ಮೂಡದಿರಬಹುದು, ಮೂಡಿದರೂ ಅದು ಲಸಿಕೆಯದೋ ಸೋಂಕಿನದೋ ತಾಯಿಯ ಗಿಣ್ಣುಹಾಲಿನಿಂದ ಬಂದದ್ದೋ ಎಂದು ಪರೀಕ್ಷೆ ಹೇಳದು.

ಆಕ್ಟಿನೋಬ್ಯಾಸಿಲಸ್ ಪ್ಲೂರೋನ್ಯುಮೋನಿಯೇ ವಿಷಯದಲ್ಲಿ ಎಡವಟ್ಟು ಪ್ರಯೋಗಾಲಯದ ಮೇಜಿನ ಮೇಲೆಯೇ ಆಗಬಹುದು. ಇದರ ಬಹುಪಾಲು ತಳಿಗಳಿಗೆ ಹೊರಗಿನಿಂದ ಎನ್‌ಎಡಿ ಎಂಬ ಸಹಕಿಣ್ವ ಬೇಕು. ಸಾಮಾನ್ಯ ಕುರಿರಕ್ತದ ಅಗರ್‌ನಲ್ಲಿ ಅವು ಬೆಳೆಯುವುದಿಲ್ಲ. ಎನ್‌ಎಡಿ ಒದಗಿಸಲೆಂದೇ ತಟ್ಟೆಯ ಉದ್ದಕ್ಕೂ ಸ್ಟ್ಯಾಫಿಲೋಕಾಕಸ್‌ನ ಒಂದು ಗೆರೆ ಎಳೆಯುತ್ತಾರೆ. ಮರುದಿನ ನೋಡಿದರೆ ಆ ಗೆರೆಯ ಇಕ್ಕೆಲದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣ ಚುಕ್ಕೆಗಳು, ಸುತ್ತ ರಕ್ತ ಕರಗಿದ ತಿಳಿ ಉಂಗುರ. ದೂರ ಸರಿದಂತೆ ತಟ್ಟೆ ಖಾಲಿ. ಚಾಕೊಲೇಟ್ ಅಗರ್ ಆದರೂ ನಡೆಯುತ್ತದೆ. ಎರಡೂ ಇಲ್ಲದ ಕಡೆ, ಎದೆಗೂಡಿಗೆ ಶ್ವಾಸಕೋಶ ಅಂಟಿಕೊಂಡು ಸತ್ತ ಹಂದಿಯ ಮಾದರಿಗೂ ‘ಬ್ಯಾಕ್ಟೀರಿಯಾ ಬೆಳೆದಿಲ್ಲ’ ಎಂಬ ವರದಿ ಬಂದೀತು. ರೋಗದಿಂದ ಚೇತರಿಸಿಕೊಂಡ ಹಂದಿಗಳ ಟಾನ್ಸಿಲ್‌ನಲ್ಲಿ ಇದು ಅಡಗಿ ಕೂರುತ್ತದೆ. ಇಂಥ ವಾಹಕ ಹಿಂಡುಗಳನ್ನು ಗುರುತಿಸಲು ಎಪಿಎಕ್ಸ್-4 ಎಂಬ ವಿಷವಸ್ತುವಿನ ವಿರುದ್ಧದ ಪ್ರತಿಕಾಯ ಹುಡುಕುವ ಎಲೈಸಾ ನೆರವಾಗುತ್ತದೆ. ಆ ವಿಷವಸ್ತುವನ್ನು ಬ್ಯಾಕ್ಟೀರಿಯಾ ತಯಾರಿಸುವುದು ಹಂದಿಯ ದೇಹದೊಳಗೆ ಮಾತ್ರ. ಆದ್ದರಿಂದ ನಿಷ್ಕ್ರಿಯ ಲಸಿಕೆ ಹಾಕಿಸಿದ ಹಿಂಡಿನಲ್ಲೂ ನಿಜವಾದ ಸೋಂಕನ್ನು ಬೇರ್ಪಡಿಸಲು ಸಾಧ್ಯ. ಆದರೆ ಇದು ಎಲ್ಲ ಸೀರೋವಾರ್‌ಗಳನ್ನೂ (ಉಪವಿಧಗಳನ್ನೂ) ಹಿಡಿಯುವುದರಿಂದ, ಹಿಂಡಿನಲ್ಲಿರುವುದು ಸೌಮ್ಯ ತಳಿಯೋ ಉಗ್ರ ತಳಿಯೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಎಷ್ಟು ಹಂದಿಗಳಿಂದ ಮಾದರಿ ತೆಗೆಯಬೇಕು? ದೊಡ್ಡ ಹಿಂಡಿನಲ್ಲಿ ಶೇ. 10ರಷ್ಟು ಹಂದಿಗಳಿಗೆ ಸೋಂಕಿದೆ ಎಂದುಕೊಳ್ಳೋಣ. ಪರೀಕ್ಷೆ ನಿರ್ದೋಷವಾಗಿದ್ದರೂ ಐದು ಹಂದಿಗಳನ್ನಷ್ಟೇ ನೋಡಿದರೆ ಸೋಂಕು ತಪ್ಪಿಹೋಗುವ ಸಂಭವ ಶೇ. 59. ಶೇ. 95ರ ಭರವಸೆ ಬೇಕಿದ್ದರೆ 29 ಹಂದಿಗಳು ಬೇಕು. ಪರೀಕ್ಷೆಯ ಸೂಕ್ಷ್ಮತೆ ಶೇ. 60 ಮಾತ್ರ ಇದ್ದರೆ 49. ಐದು ಸ್ವಾಬ್‌ಗಳನ್ನು ನಂಬಿ ‘ರೋಗಮುಕ್ತ’ ಪ್ರಮಾಣಪತ್ರ ಬರೆಯುವುದು ಎಷ್ಟು ಸಡಿಲ ಎಂಬುದಕ್ಕೆ ಇಷ್ಟು ಲೆಕ್ಕ ಸಾಕು.

ನಮ್ಮ ಸಣ್ಣ ಸಾಕಣೆದಾರರ ಹಟ್ಟಿಗಳಲ್ಲಿ ಅಷ್ಟು ಹಂದಿಗಳೇ ಇರುವುದಿಲ್ಲ. ಅಲ್ಲಿ ಹೊಸದಾಗಿ ರೋಗ ಬಂದ, ಇನ್ನೂ ಆಂಟಿಬಯೋಟಿಕ್ ಚುಚ್ಚದ ಒಂದೆರಡು ಹಂದಿಗಳನ್ನು ಆರಿಸಿಕೊಳ್ಳುವುದೇ ಸರಿಯಾದ ದಾರಿ. ಔಷಧ ಹಾಕಿ ಹಾಕಿ ಸೊರಗಿದ ಹಂದಿಯನ್ನು ಪರೀಕ್ಷೆಗೆ ಒಪ್ಪಿಸುವ ರೂಢಿ ಹೆಚ್ಚು. ಅದರ ಶ್ವಾಸಕೋಶದಲ್ಲಿ ಮೂಲ ರೋಗಾಣು ಅಳಿದು, ನಂತರ ಸೇರಿಕೊಂಡ ಪಾಶ್ಚುರೆಲ್ಲ ಮಲ್ಟೋಸಿಡಾ ಒಂದೇ ಉಳಿದಿರುವುದೂ ಉಂಟು. ಇನ್ನೊಂದು ಎಚ್ಚರಿಕೆ ಇದೆ. 2020ರಲ್ಲಿ ಅಸ್ಸಾಂ, ಅರುಣಾಚಲ ಪ್ರದೇಶಗಳಲ್ಲಿ ಆಫ್ರಿಕನ್ ಹಂದಿಜ್ವರ ದೃಢಪಟ್ಟ ಬಳಿಕ ಹಠಾತ್ ಸಾವುಗಳನ್ನು ನ್ಯುಮೋನಿಯಾದ ಲೆಕ್ಕಕ್ಕೆ ಬರೆದು ಸುಮ್ಮನಾಗುವಂತಿಲ್ಲ. ಆ ಜ್ವರದ ಶಂಕೆ ಇದ್ದರೆ ಹೆಣವನ್ನು ಹಟ್ಟಿಯಲ್ಲೇ ಕೊಯ್ಯಬಾರದು. ಚೆಲ್ಲಿದ ರಕ್ತದಿಂದ ವೈರಸ್ ಹರಡುತ್ತದೆ. ಅಂಥಲ್ಲಿ ಬ್ಯಾಕ್ಟೀರಿಯಾ ಪರೀಕ್ಷೆ ಕಾಯಲಿ. ಮೊದಲು ಅಧಿಕಾರಿಗಳಿಗೆ ತಿಳಿಸಿ, ಹಂದಿಜ್ವರ ಹೌದೋ ಅಲ್ಲವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.