ಅಮೆರಿಕದ ಮಾಜಿ ಸೈನಿಕರ ಅಂಗವೈಕಲ್ಯ ಮೇಲ್ಮನವಿ: ವಿಳಂಬದ ಚರಿತ್ರೆ

ಸೇವೆಯಲ್ಲಿದ್ದಾಗ ಆದ ಗಾಯಕ್ಕೋ ತಗುಲಿದ ಕಾಯಿಲೆಗೋ ಮಾಸಿಕ ಪರಿಹಾರ ಕೋರಿದ ಅರ್ಜಿ ತಿರಸ್ಕೃತವಾದರೆ, ಇಲ್ಲವೇ ಮಂಜೂರಾದ ಮೊತ್ತ ಕಡಿಮೆಯೆನಿಸಿದರೆ, ಅಮೆರಿಕದ ಮಾಜಿ ಸೈನಿಕರು ಮೇಲ್ಮನವಿ ಸಲ್ಲಿಸಬಹುದು. ಈ ಮೇಲ್ಮನವಿಗಳು ಇತ್ಯರ್ಥವಾಗದೆ ವರ್ಷಗಟ್ಟಲೆ ಉಳಿಯುವುದು ಆ ದೇಶದ ಆಡಳಿತಕ್ಕೆ ಬಹುಕಾಲದಿಂದ ಅಂಟಿರುವ ಸಮಸ್ಯೆ. 2017ರಲ್ಲಿ ಬಾಕಿಯಿದ್ದ ಮೇಲ್ಮನವಿಗಳು ಸುಮಾರು 4,70,000. ಒಂದೊಂದರ ಇತ್ಯರ್ಥಕ್ಕೆ ಸರಾಸರಿ ಮೂರು ವರ್ಷ ಹಿಡಿಯುತ್ತಿತ್ತು. ವಾಷಿಂಗ್ಟನ್ನಿನ ಮೇಲ್ಮನವಿ ಮಂಡಳಿಯವರೆಗೆ ಹೋದವರು ಐದು ವರ್ಷಕ್ಕೂ ಹೆಚ್ಚು ಕಾಯಬೇಕಿತ್ತು.

ಯುದ್ಧದಲ್ಲಿ ಅಂಗಹೀನರಾದವರಿಗೆ ಅರ್ಧ ಸಂಬಳ ಕೊಡುವ ನಿರ್ಣಯ 1776ರಷ್ಟು ಹಳೆಯದು. ಸ್ವಾತಂತ್ರ್ಯ ಘೋಷಣೆಯಾದ ಮರುತಿಂಗಳೇ ಅದು ಅಂಗೀಕಾರವಾಯಿತು. ಆದರೆ ಈ ಪರಿಹಾರವನ್ನು ಸೈನಿಕನ ಹಕ್ಕೆಂದು ಬಗೆಯದೆ ಸರ್ಕಾರದ ಔದಾರ್ಯವೆಂದೇ ನೋಡಲಾಯಿತು. ಮುಂದಿನ ತೊಡಕುಗಳಲ್ಲಿ ಬಹುಪಾಲಿಗೆ ಈ ದೃಷ್ಟಿಯೇ ಮೂಲ. 1933ರ ಮಿತವ್ಯಯ ಕಾಯಿದೆ ಸೈನಿಕರ ಸವಲತ್ತುಗಳನ್ನು ಕಡಿತಗೊಳಿಸಿತು. ಈ ವಿಷಯದಲ್ಲಿ ನ್ಯಾಯಾಲಯದ ಬಾಗಿಲನ್ನೂ ಮುಚ್ಚಿತು. ಅದೇ ವರ್ಷದ ಜುಲೈನಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಜ್ಞೆ ಹೊರಡಿಸಿ ಮೇಲ್ಮನವಿ ಮಂಡಳಿಯನ್ನು ಸ್ಥಾಪಿಸಿದರು. ಮುಂದಿನ 55 ವರ್ಷ ಮಂಡಳಿ ಹೇಳಿದ್ದೇ ಕೊನೆಯ ಮಾತು. ವಕೀಲರನ್ನು ಇಟ್ಟುಕೊಳ್ಳುವುದೂ ಸುಲಭವಿರಲಿಲ್ಲ. ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಇಂಥ ಪ್ರಕರಣಗಳ ಶುಲ್ಕಕ್ಕೆ 10 ಡಾಲರ್ ಮಿತಿ ಹಾಕಲಾಗಿತ್ತು. ಸೈನಿಕರನ್ನು ಸುಲಿಯುವ ದಲ್ಲಾಳಿಗಳನ್ನು ತಡೆಯುವುದು ಅದರ ಉದ್ದೇಶ. ಒಂದು ಶತಮಾನ ಕಳೆದು ಡಾಲರಿನ ಬೆಲೆಯೇ ಬದಲಾದರೂ ಆ ಮಿತಿ ಹಾಗೇ ಇತ್ತು. 1985ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿಹಿಡಿಯಿತು.

ವಿಯೆಟ್ನಾಂನಿಂದ ಮರಳಿದ ಪೀಳಿಗೆ ಇದನ್ನು ಒಪ್ಪಲಿಲ್ಲ. ಏಜೆಂಟ್ ಆರೆಂಜ್ ಎಂಬ ಕಳೆನಾಶಕಕ್ಕೆ ಮೈಯೊಡ್ಡಿದವರ ಕಾಯಿಲೆಗಳನ್ನು ಸೇವೆಗೆ ಸಂಬಂಧಿಸಿದವೆಂದು ಒಪ್ಪಿಸಲು ಅವರು ವರ್ಷಗಟ್ಟಲೆ ಹೋರಾಡಿದರು. 1988ರ ನವೆಂಬರಿನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಸಹಿ ಹಾಕಿದ ಕಾಯಿದೆ ಮಾಜಿ ಸೈನಿಕರ ಪ್ರಕರಣಗಳಿಗೆಂದೇ ಪ್ರತ್ಯೇಕ ನ್ಯಾಯಾಲಯವನ್ನು ಸ್ಥಾಪಿಸಿತು. ಸೈನಿಕರಿಗೆ ಇದು ದೊಡ್ಡ ಗೆಲುವು. ಆದರೆ ವಿಳಂಬ ಇದರಿಂದ ತಗ್ಗಲಿಲ್ಲ, ಇನ್ನಷ್ಟು ಬೆಳೆಯಿತು.

ಕಾರಣ ಕಾರ್ಯವಿಧಾನದಲ್ಲೇ ಇತ್ತು. ಮಾಜಿ ಸೈನಿಕರ ವ್ಯವಹಾರಗಳ ಇಲಾಖೆಯ ಪ್ರಾದೇಶಿಕ ಕಚೇರಿಯ ತೀರ್ಮಾನ ಒಪ್ಪಿಗೆಯಾಗದವರು ಒಂದು ವರ್ಷದೊಳಗೆ ಅಸಮ್ಮತಿ ಪತ್ರ ಕೊಡಬೇಕಿತ್ತು. ಕಚೇರಿ ತನ್ನ ಕಾರಣಗಳನ್ನು ವಿವರಿಸುವ ಉದ್ದನೆಯ ಹೇಳಿಕೆಯೊಂದನ್ನು ಸಿದ್ಧಪಡಿಸಿ ಕಳಿಸುತ್ತಿತ್ತು; ಇದಕ್ಕೇ ವರ್ಷ ದಾಟುವುದಿತ್ತು. ಆಮೇಲೆ ‘ಫಾರ್ಮ್ 9’ ತುಂಬಿ ಕಳಿಸಿದರೆ ಕಡತ ಮಂಡಳಿಯ ಸರದಿಗೆ ಸೇರುತ್ತಿತ್ತು. ಇಷ್ಟರ ನಡುವೆ ಯಾವ ಹಂತದಲ್ಲೂ ಹೊಸ ಸಾಕ್ಷ್ಯ ಸೇರಿಸಲು ಅವಕಾಶವಿತ್ತು, ಸಾಕ್ಷ್ಯ ಒದಗಿಸಿಕೊಳ್ಳಲು ನೆರವಾಗುವ ಹೊಣೆಯನ್ನು 2000ದ ಕಾಯಿದೆ ಇಲಾಖೆಯ ಮೇಲೆಯೇ ಹೊರಿಸಿತ್ತು. ಕೇಳುವುದಕ್ಕೆ ಇದೆಲ್ಲ ಸೈನಿಕನ ಪರವಾದ ಏರ್ಪಾಡು. ಆದರೆ ಪ್ರತಿ ಹೊಸ ವೈದ್ಯಕೀಯ ವರದಿಯೂ ಹೊಸ ಪರಿಶೀಲನೆಯನ್ನು ಬೇಡುತ್ತಿತ್ತು. ತೀರ್ಪಿನಲ್ಲಿ ಕಾರಣ ಸಾಲದೆಂದು ನ್ಯಾಯಾಲಯ ಪ್ರಕರಣವನ್ನು ಮಂಡಳಿಗೆ ಹಿಂದಿರುಗಿಸುತ್ತಿತ್ತು. ತಪಾಸಣೆ ಸಾಲದೆಂದು ಮಂಡಳಿ ಅದನ್ನು ಕಚೇರಿಗೆ ಅಟ್ಟುತ್ತಿತ್ತು. ಹೀಗೆ ಗಾಣದೆತ್ತಿನಂತೆ ಸುತ್ತುತ್ತಲೇ ಎಷ್ಟೋ ಕಡತಗಳು ದಶಕ ಕಳೆದವು.

ಕಡತಗಳ ಸ್ಥಿತಿಯೂ ಹೇಳಬೇಕಾದದ್ದೇ. 1973ರ ಜುಲೈನಲ್ಲಿ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6 ಕೋಟಿಯಿಂದ 1.8 ಕೋಟಿ ಸೇವಾ ದಾಖಲೆಗಳು ನಾಶವಾದವು. ಎರಡನೇ ಮಹಾಯುದ್ಧ ಮತ್ತು ಕೊರಿಯಾ ಯುದ್ಧದಲ್ಲಿ ಕಾದಿದ ಲಕ್ಷಾಂತರ ಜನ ತಮ್ಮ ಗಾಯ ಯುದ್ಧದ್ದೇ ಎಂದು ಸಾಬೀತುಪಡಿಸಲು ಹಳೆಯ ಒಡನಾಡಿಗಳ ಹೇಳಿಕೆಗಳನ್ನೂ ಮನೆಗೆ ಬರೆದ ಕಾಗದಗಳನ್ನೂ ಹುಡುಕಬೇಕಾಯಿತು. 2012ರಲ್ಲಿ ನಾರ್ತ್ ಕೆರೊಲಿನಾದ ವಿನ್‌ಸ್ಟನ್-ಸೇಲಂ ಕಚೇರಿಗೆ ತಪಾಸಣೆಗೆ ಹೋದ ಅಧಿಕಾರಿಗಳು ಕಂಡದ್ದು, ಕಪಾಟುಗಳಲ್ಲಿ ಜಾಗ ಸಾಲದೆ ಅವುಗಳ ನೆತ್ತಿಯ ಮೇಲೆ ಪೇರಿಸಿದ್ದ ಸುಮಾರು 37,000 ಕಡತಗಳನ್ನು. ಆ ಭಾರಕ್ಕೆ ಕಟ್ಟಡಕ್ಕೇ ಅಪಾಯವಿದೆಯೆಂದು ಅವರು ವರದಿ ಬರೆದರು.

ಡೇವಿಡ್ ಹೆಂಡರ್ಸನ್ ಪ್ರಕರಣ ಈ ಚರಿತ್ರೆಯಲ್ಲಿ ಮರೆಯಲಾಗದ್ದು. ಅವರು ಕೊರಿಯಾ ಯುದ್ಧದ ಕಾಲದ ಸೈನಿಕ. ಸ್ಕಿಜೋಫ್ರೇನಿಯಾದಿಂದ ನೂರಕ್ಕೆ ನೂರು ಅಂಗವಿಕಲರೆಂದು ಇಲಾಖೆಯೇ ಒಪ್ಪಿತ್ತು. ಮನೆಯಲ್ಲಿ ಆರೈಕೆಗೆ ಹೆಚ್ಚುವರಿ ನೆರವು ಕೋರಿದ್ದನ್ನು ಮಂಡಳಿ ನಿರಾಕರಿಸಿದಾಗ, ನ್ಯಾಯಾಲಯಕ್ಕೆ ಹೋಗಲು ಇದ್ದ 120 ದಿನಗಳ ಗಡುವಿಗೆ ಅವರು 15 ದಿನ ತಡಮಾಡಿದರು. ಕಾಯಿಲೆಯೇ ಅದಕ್ಕೆ ಕಾರಣವೆಂದರೂ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ವರ್ಷಗಟ್ಟಲೆ ಕಾಯಿಸುವ ವ್ಯವಸ್ಥೆ ರೋಗಿಯೊಬ್ಬನಿಗೆ ಎರಡು ವಾರವನ್ನೂ ಕೊಡಲೊಲ್ಲದಾಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಹೆಂಡರ್ಸನ್ ಪರ ತೀರ್ಪಿತ್ತಿತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಪ್ರಕರಣವನ್ನು ಮುಂದುವರಿಸಿದ್ದು ಅವರ ಹೆಂಡತಿ. 2008ರವರೆಗೆ ಅರ್ಜಿದಾರ ಸತ್ತರೆ ಇಲಾಖೆಯಲ್ಲಿದ್ದ ಅರ್ಜಿಯೂ ಅಲ್ಲಿಗೇ ಮುಗಿಯುತ್ತಿತ್ತು. ಅದೇ ಅರ್ಜಿಯನ್ನು ವಾರಸುದಾರರು ಮುಂದುವರಿಸಬಹುದೆಂಬ ನಿಯಮ ಬಂದದ್ದು ಆ ವರ್ಷ.

2013ರ ಮಾರ್ಚ್ ವೇಳೆಗೆ 125 ದಿನ ಮೀರಿದ ಮೊದಲ ಹಂತದ ಅರ್ಜಿಗಳೇ 6,11,000ಕ್ಕೆ ಮುಟ್ಟಿದ್ದವು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದವು. ಇಲಾಖೆ ಓವರ್‌ಟೈಮ್ ಹಾಕಿಸಿ, ಕಡತಗಳನ್ನು ಕಂಪ್ಯೂಟರಿಗೆ ಏರಿಸಿ ಆ ರಾಶಿಯನ್ನು ಕರಗಿಸಿತು. ಆದರೆ ಗಮನವೆಲ್ಲ ಅತ್ತ ಹರಿದದ್ದರಿಂದ ಮೇಲ್ಮನವಿಗಳು ಹಿಂದೆ ಬಿದ್ದವು.

ನಿಜವಾದ ಬದಲಾವಣೆ ತಂದದ್ದು 2017ರ ಆಗಸ್ಟಿನ ಸುಧಾರಣಾ ಕಾಯಿದೆ. 2019ರ ಫೆಬ್ರವರಿ 19ರಿಂದ ಜಾರಿಗೆ ಬಂದ ಅದು ಮೂರು ದಾರಿಗಳನ್ನು ತೆರೆಯಿತು: ಇದ್ದ ದಾಖಲೆಯನ್ನೇ ಹಿರಿಯ ಅಧಿಕಾರಿಯಿಂದ ಮರುಪರಿಶೀಲಿಸುವುದು, ಹೊಸ ಸಾಕ್ಷ್ಯದೊಂದಿಗೆ ಪೂರಕ ಅರ್ಜಿ ಹಾಕುವುದು, ನೇರವಾಗಿ ಮಂಡಳಿಗೆ ಹೋಗುವುದು. ಮೊದಲೆರಡಕ್ಕೆ ಸರಾಸರಿ 125 ದಿನಗಳ ಗುರಿ. ಹೊಸ ಸಾಕ್ಷ್ಯವಾಗಲಿ ವಿಚಾರಣೆಯಾಗಲಿ ಇಲ್ಲದೆ ಮಂಡಳಿಗೆ ಹೋದರೆ 365 ದಿನ. ವಿಳಂಬದ ವಿರುದ್ಧ ಸಾಮೂಹಿಕವಾಗಿ ದಾವೆ ಹೂಡಬಹುದೆಂಬ ತೀರ್ಪೂ 2017ರಲ್ಲೇ ಬಂತು. ಅದನ್ನು ಗಳಿಸಿಕೊಟ್ಟವರು ವಿಯೆಟ್ನಾಂನಲ್ಲಿ ಕಾದಿದ ಮರೀನ್ ಸೈನಿಕ ಕಾನ್ಲಿ ಮಂಕ್.

ಮೊದಲೆರಡು ದಾರಿಗಳು ಬೇಗ ಸಾಗಿದವು. ಮಂಡಳಿಯ ನ್ಯಾಯಾಧೀಶರ ಎದುರು ತಾವೇ ಮಾತಾಡಬೇಕೆಂದು ವಿಚಾರಣೆ ಕೋರುವವರ ಸಾಲು ಮಾತ್ರ ಮತ್ತೆ ವರ್ಷಗಳಷ್ಟು ಉದ್ದವಾಯಿತು. ಇರಾಕ್, ಆಫ್ಘಾನಿಸ್ತಾನಗಳ ಕಸ ಸುಡುವ ಹೊಂಡಗಳ ಹೊಗೆ ಕುಡಿದವರಿಗೂ ಪರಿಹಾರ ವಿಸ್ತರಿಸಿದ 2022ರ ಆಗಸ್ಟಿನ ಕಾಯಿದೆಯಿಂದ ಹೊಸ ಅರ್ಜಿಗಳು ಲಕ್ಷಗಟ್ಟಲೆ ಬಂದವು. 75 ದಾಟಿದವರ ಮೇಲ್ಮನವಿಯನ್ನು ಸರದಿ ಮುರಿದು ಮೊದಲು ಕೈಗೆತ್ತಿಕೊಳ್ಳುವ ನಿಯಮವಿದೆ. ವಿಯೆಟ್ನಾಂ ಪೀಳಿಗೆಯ ಬಹುತೇಕರು ಈಗ ಆ ವಯಸ್ಸಿನ ಆಸುಪಾಸಿನಲ್ಲಿದ್ದಾರೆ.