ಇಂಗ್ಲಿಷ್ ಅಧಿಕೃತ ಭಾಷಾ ಚಳವಳಿ (ಅಮೆರಿಕ)

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇಂಗ್ಲಿಷಿಗೆ ಅಧಿಕೃತ ಭಾಷೆಯ ಸ್ಥಾನ ನೀಡಬೇಕೆಂಬ ರಾಜಕೀಯ ಚಳವಳಿ. ಆ ದೇಶದ ಸಂವಿಧಾನ ಯಾವ ಭಾಷೆಯನ್ನೂ ಅಧಿಕೃತವೆಂದು ಹೆಸರಿಸಿಲ್ಲ.

ಮೊದಲ ಮಹಾಯುದ್ಧದ ಜರ್ಮನ್ ವಿರೋಧಿ ವಾತಾವರಣದ ಬೆನ್ನಲ್ಲೇ ನೆಬ್ರಾಸ್ಕ ರಾಜ್ಯ 1920ರಲ್ಲಿ ಇಂಗ್ಲಿಷನ್ನು ಅಧಿಕೃತಗೊಳಿಸಿತು. ಚಳವಳಿಯ ಈಗಿನ ರೂಪ 1980ರ ದಶಕದ್ದು. ಕೆನಡಾದಲ್ಲಿ ಜಪಾನಿ ದಂಪತಿಗೆ ಹುಟ್ಟಿದ ಭಾಷಾತಜ್ಞ, ಕ್ಯಾಲಿಫೋರ್ನಿಯದ ಸೆನೆಟರ್ ಎಸ್.ಐ. ಹಯಕಾವಾ 1981ರಲ್ಲಿ ಇದಕ್ಕಾಗಿ ಸಂವಿಧಾನ ತಿದ್ದುಪಡಿ ಮಂಡಿಸಿದರು; ಅದು ಅಂಗೀಕಾರವಾಗಲಿಲ್ಲ. 1983ರಲ್ಲಿ ಅವರು ಜಾನ್ ಟ್ಯಾಂಟನ್ ಜೊತೆ 'ಯು.ಎಸ್. ಇಂಗ್ಲಿಷ್' ಸಂಸ್ಥೆ ಕಟ್ಟಿದರು. 1986ರಲ್ಲಿ ಕ್ಯಾಲಿಫೋರ್ನಿಯದ ಮತದಾರರು ಭಾರೀ ಬಹುಮತದಿಂದ ಇಂಗ್ಲಿಷಿಗೆ ಒಪ್ಪಿಗೆಯಿತ್ತರು.

ಸಮಾನ ಭಾಷೆಯಿಂದ ಏಕತೆ ಬರುತ್ತದೆ, ವಲಸಿಗರು ಬೇಗ ಬೆರೆಯುತ್ತಾರೆ ಎಂಬುದು ಬೆಂಬಲಿಗರ ವಾದ. ಮತಪತ್ರ, ಆಸ್ಪತ್ರೆ, ನ್ಯಾಯಾಲಯಗಳಲ್ಲಿ ಅಲ್ಪಸಂಖ್ಯಾತರು ಹಕ್ಕುವಂಚಿತರಾಗುತ್ತಾರೆ ಎಂಬುದು ವಿರೋಧಿಗಳ ಆಕ್ಷೇಪ. ಸರ್ಕಾರಿ ಕೆಲಸಕ್ಕೆ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಬಳಸಕೂಡದೆಂದಿದ್ದ ಅರಿಜೋನಾದ 1988ರ ತಿದ್ದುಪಡಿಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1998ರಲ್ಲಿ ರದ್ದುಮಾಡಿತು. 2006ರಲ್ಲಿ ಹೊಸ ತಿದ್ದುಪಡಿ ಬಂತು. ಹವಾಯಿಯಲ್ಲಿ 1978ರಿಂದ ಇಂಗ್ಲಿಷಿನೊಂದಿಗೆ ಹವಾಯಿಯನ್ ಭಾಷೆಯೂ ಅಧಿಕೃತ.

ಈಗ 30ಕ್ಕೂ ಹೆಚ್ಚು ರಾಜ್ಯಗಳಲ್ಲಿ ಇಂಗ್ಲಿಷ್ ಅಧಿಕೃತವಾಗಿದೆ. 2025ರ ಮಾರ್ಚ್ 1ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಕಾರ್ಯಾದೇಶದ ಮೂಲಕ ಅದನ್ನು ರಾಷ್ಟ್ರದ ಅಧಿಕೃತ ಭಾಷೆಯೆಂದು ಘೋಷಿಸಿದರು. ಅನ್ಯಭಾಷಾ ಸೇವೆಗಳನ್ನು ಮುಂದುವರಿಸುವ ತೀರ್ಮಾನವನ್ನು ಆದೇಶ ಇಲಾಖೆಗಳಿಗೇ ಬಿಟ್ಟಿತು.